ಲಿಮೊನ್ಚೆಲ್ಲೊ ಮಬ್ಬಾಗಿದ್ದರೆ ಸುಮ್ನೆ ಬಿಡಿ

ಲಿಮೊನ್ಚೆಲ್ಲೊ ಮಾಡಲು ನಿಂಬೆಹಣ್ಣಿನ ಹಳದಿ ಸಿಪ್ಪೆ ಮಾತ್ರ ಬೇಕು, ಬಿಳಿ ಭಾಗ ಸೇರಿದರೆ ಕಹಿ. ಇಷ್ಟು ನಿಮಗೆ ಗೊತ್ತಿದೆ ಅಂದುಕೊಂಡೇ ಶುರು ಮಾಡುತ್ತೇನೆ. ಈ ಇಟಾಲಿಯನ್ ಲಿಕರ್ ಬಗ್ಗೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ. ಈ ಸಲ ಅದನ್ನು ಮುಗಿಸಿಬಿಡೋಣ.

ಪ್ರಶ್ನೆ: ಮಿಲಾನ್‌ನಲ್ಲಿ ಓದುತ್ತಿದ್ದೇನೆ. 96 ಡಿಗ್ರಿ, ಅಂದರೆ ಶೇಕಡಾ 96ರ ಆಲ್ಕೋಹಾಲಿನಲ್ಲಿ ಸಿಪ್ಪೆ ಎರಡು ವಾರ ನೆನೆಸಿದೆ. ಬಂಗಾರದ ಬಣ್ಣ ಬಂದು ತಿಳಿಯಾಗಿತ್ತು. ಸಕ್ಕರೆ ಪಾಕ ಹಾಕಿದ ಕೂಡಲೇ ಮಬ್ಬಾಯಿತು. ಕಾಫಿ ಫಿಲ್ಟರ್ ಕಾಗದದಲ್ಲಿ ಮೂರು ಸಲ ಸೋಸಿದರೂ ಹಾಗೇ ಇದೆ. ಕೆಟ್ಟುಹೋಯಿತಾ?

ಇಲ್ಲ. ಆ ಮಬ್ಬೇ ನಿಮ್ಮ ನಿಂಬೆ. ಸಿಪ್ಪೆಯೊಂದನ್ನು ಬೆಳಕಿಗೆ ಹಿಡಿದು ಮಡಚಿ ನೋಡಿ, ಸಣ್ಣಗೆ ತುಂತುರು ಹಾರುತ್ತದಲ್ಲ, ಅದು ಎಣ್ಣೆ. ಘಮವೆಲ್ಲ ಇರೋದು ಅದರಲ್ಲೇ. ಗಾಢ ಆಲ್ಕೋಹಾಲಿನಲ್ಲಿ ಈ ಎಣ್ಣೆ ಪೂರ್ತಿ ಕರಗುತ್ತದೆ, ಅದಕ್ಕೇ ಮೊದಲು ತಿಳಿಯಾಗಿತ್ತು. ನೀರು ಸೇರಿದಾಗ ಅದಕ್ಕೆ ಕರಗಿರಲು ಆಗಲ್ಲ. ಹೊರಬಂದು ಸಣ್ಣ ಹನಿಗಳಾಗಿ ತೇಲುತ್ತದೆ, ಬೆಳಕು ಅವಕ್ಕೆ ತಾಗಿ ಚದುರುತ್ತದೆ, ನಮಗೆ ಮಬ್ಬು ಕಾಣುತ್ತದೆ. ಗ್ರೀಸಿನವರು ಊಜೊ ಎಂಬ ತಮ್ಮ ಮದ್ಯಕ್ಕೆ ನೀರು ಹಾಕಿದಾಗ ಅದು ನೀರುಮಜ್ಜಿಗೆಯಂತೆ ಬೆಳ್ಳಗಾಗೋದೂ ಹೀಗೇ.

ಈ ಹನಿಗಳು ಮಿಲಿಮೀಟರಿನ ಸುಮಾರು ಹತ್ತು ಸಾವಿರದಲ್ಲೊಂದು ಭಾಗದಷ್ಟು. ಕಾಫಿ ಫಿಲ್ಟರಿನಲ್ಲಿ ಅವನ್ನು ಹಿಡಿಯಲು ಹೊರಟರೆ ಮೀನಿನ ಬಲೆಯಲ್ಲಿ ರಾಗಿಹಿಟ್ಟು ಹಿಡಿದಂತೆ. ಹಿಂದೆ ನಾನೂ ಒಂದು ರಾತ್ರಿಯೆಲ್ಲ ಹನಿಹನಿಯಾಗಿ ಸೋಸುತ್ತಾ ಕೂತವನೇ. ಬೆಳಿಗ್ಗೆ ಹೊತ್ತಿಗೆ ಕಾಲು ಬಾಟಲಿ ಆವಿಯಾಗಿತ್ತು, ಮಬ್ಬು ಮಾತ್ರ ಹಾಗೇ ಇತ್ತು. "ತಿಳಿಯಾಗಿದ್ದರೇನೇ ಶುದ್ಧ" ಅನ್ನುವ ವಿಡಿಯೊ ಪಂಡಿತರ ಮಾತು ಕೇಳಬೇಡಿ. ಸಿಪ್ಪೆ ತೆಗೆಯಲು ಒಮ್ಮೆ ಬಟ್ಟೆಯಲ್ಲಿ ಸೋಸಿದರೆ ಸಾಕು.

ನಿಜವಾಗಿ ನೋಡಬೇಕಾದ್ದು ಸಿಪ್ಪೆಯನ್ನು. ಬಣ್ಣ ಬಿಟ್ಟು, ಬೆರಳಲ್ಲಿ ಬಗ್ಗಿಸಿದರೆ ಒಣ ಎಲೆಯಂತೆ ಲಟಕ್ಕನೆ ಮುರಿಯಬೇಕು. ಮೆತ್ತಗೆ ಬಳುಕಿದರೆ ಇನ್ನೂ ನಾಲ್ಕು ದಿನ ಬಿಡಿ. ಹಣ್ಣು ದಕ್ಷಿಣ ಇಟಲಿಯ ಸೊರೆಂಟೊ ಅಥವಾ ಅಮಾಲ್ಫಿಯದಾದರೆ ಒಳ್ಳೆಯದು, ಆದರೆ ಅದಕ್ಕಿಂತ ಮುಖ್ಯ ಅಂಗಡಿಯಲ್ಲಿ ಹಣ್ಣಿಗೆ ಹಾಕಿರುವ ಚೀಟಿ. 'ಬುಚ್ಚಾ ನಾನ್ ಎಡಿಬಿಲೆ' ಎಂದಿದ್ದರೆ ಆ ಸಿಪ್ಪೆ ತಿನ್ನುವಂಥದ್ದಲ್ಲ, ಅಲ್ಲೇ ಇಟ್ಟು ಬನ್ನಿ. ಒಂದು ಲೀಟರ್ ಆಲ್ಕೋಹಾಲಿಗೆ ಹತ್ತು ಹಣ್ಣಿನ ಸಿಪ್ಪೆ, ಒಂದೂವರೆ ಲೀಟರ್ ನೀರು, 800 ಗ್ರಾಂ ಸಕ್ಕರೆ ನನ್ನ ಅಳತೆ. ಆಲ್ಕೋಹಾಲ್ ಶೇಕಡಾ 32ರ ಆಸುಪಾಸಿಗೆ ಇಳಿಯುತ್ತದೆ. ಪಾಕ ಪೂರ್ತಿ ಆರಿರಬೇಕು. ಮತ್ತೆ ದಯವಿಟ್ಟು, ಬೆರೆಸುವಾಗ ಒಲೆ ಆರಿಸಿ. 96 ಡಿಗ್ರಿ ಅಂದರೆ ಭಗ್ಗನೆ ಹೊತ್ತಿಕೊಳ್ಳುವ ವಸ್ತು. ಈ ವಿಷಯದಲ್ಲಿ ನಾನು ಪುಕ್ಕಲನೇ, ಹಾಗೇ ಇರುತ್ತೇನೆ.

ಪ್ರಶ್ನೆ: ವೋಡ್ಕಾದಲ್ಲಿ ಮಾಡಿ ಫ್ರೀಜರಿನಲ್ಲಿಟ್ಟರೆ ಐಸಾಯಿತು. ಯಾಕೆ?

ನೀರು ಜಾಸ್ತಿ. ವೋಡ್ಕಾ ಇರೋದೇ ಶೇಕಡಾ 40. ಅದಕ್ಕೆ ಸಮಸಮ ಪಾಕ ಸುರಿದರೆ 20ಕ್ಕೆ ಇಳಿಯುತ್ತದೆ. ವೋಡ್ಕಾ ಲೀಟರಿಗೆ ಅರ್ಧ ಲೀಟರ್ ನೀರು, 300 ಗ್ರಾಂ ಸಕ್ಕರೆ ದಾಟಬೇಡಿ. ಅದರಲ್ಲಿ ಮಬ್ಬೂ ಕಡಿಮೆ, ಘಮವೂ ಕಡಿಮೆ.

ಪ್ರಶ್ನೆ: ನಿಂಬೆರಸವನ್ನೂ ಹಾಕಬಹುದಾ?

ಬೇಡ. ಅದರಲ್ಲಿ ಶರಬತ್ತು ಮಾಡಿ.

ಪ್ರಶ್ನೆ: ಊಟದ ಮೇಲೆ ಕುಡಿದರೆ ಜೀರ್ಣಕ್ಕೆ ಒಳ್ಳೆಯದಂತೆ?

ಅದು ಇಟಲಿಯವರ ರೂಢಿ, ಔಷಧಿ ಅಲ್ಲ. ಹೆಂಡ, ಸಕ್ಕರೆ, ಘಮ, ಅಷ್ಟೇ.

ಪ್ರಶ್ನೆ: ಬೆಂಗಳೂರಿನಲ್ಲಿ 96 ಡಿಗ್ರಿ ಆಲ್ಕೋಹಾಲ್ ಸಿಗಲ್ಲ. ಮೆಡಿಕಲ್ ಶಾಪಿನ ಸ್ಪಿರಿಟ್ ನಡೆಯುತ್ತಾ? "ಬ್ರೆಡ್ಡಿನಲ್ಲಿ ಸೋಸಿದರೆ ವಿಷ ಹೋಗುತ್ತೆ" ಅಂತ ಒಬ್ಬರು ಹೇಳಿದರು.

ಆ ಒಬ್ಬರ ಮನೆಯಲ್ಲಿ ಏನನ್ನೂ ಕುಡಿಯಬೇಡಿ. ಗಾಯ ಒರೆಸುವ, ಪಾಲಿಶ್ ಮಾಡುವ ಸ್ಪಿರಿಟ್ಟಿನಲ್ಲಿ ಮೆಥನಾಲ್ ಇರಬಹುದು. ಅದು ಕಣ್ಣು ಕಳೆಯುತ್ತದೆ, ಜೀವ ತೆಗೆಯುತ್ತದೆ. ಬ್ರೆಡ್ಡಲ್ಲ, ಇದ್ದಿಲು ಹಾಕಿದರೂ ಹೋಗಲ್ಲ. 1986ರಲ್ಲಿ ಇಟಲಿಯಲ್ಲೇ ಮೆಥನಾಲ್ ಬೆರೆಸಿದ ವೈನ್ ಕುಡಿದು 20ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಒರೆಸಲು ಮಾರುವ ಸ್ಪಿರಿಟ್ಟಿಗೆ ಗುಲಾಬಿ ಬಣ್ಣ ಹಾಕಿರುತ್ತಾರೆ, ಯಾರೂ ಮರೆತು ಬಾಯಿಗಿಡದಿರಲಿ ಅಂತ. ನಿಮ್ಮೂರಲ್ಲಿ ವೋಡ್ಕಾ ಸಿಗುತ್ತದಲ್ಲ? ಲೆಕ್ಕ ಮೇಲೇ ಕೊಟ್ಟಿದ್ದೇನೆ.