ರಾಕ್ ಬ್ಯಾಂಡ್ ಜೊತೆ ಸೌಂಡ್ ಕೆಲಸಕ್ಕೆ ಹೋಗಲಾ? ಊರೂರು ತಿರುಗೋ ಜೀವನ ಹೇಗಿರುತ್ತೆ?

ನೀವು ಹಾವೇರಿಯವರು, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ್ದೀರಿ, ಹುಬ್ಬಳ್ಳಿಯ ಒಂದು ಬ್ಯಾಂಡಿನವರು ಸೌಂಡ್ ನೋಡಿಕೊಳ್ಳೋಕೆ ಕರೆಯುತ್ತಿದ್ದಾರೆ, ಹುಡುಗಿ ಅಂತ ಮನೆಯಲ್ಲಿ ಬೇಡ ಅನ್ನುತ್ತಿದ್ದಾರೆ ಅಂತ ಬರೆದಿದ್ದೀರಿ. ನಾನು ಧಾರವಾಡದವಳು. ಇದೇ ಕೆಲಸ ಮಾಡುತ್ತೇನೆ. ಹೋಗಿ ಅಂತಲೇ ಹೇಳುತ್ತೇನೆ. ನಿಮ್ಮ ಡಿಪ್ಲೊಮಾ ಅಲ್ಲಿ ತುಂಬಾ ಬೇಕು. ಯಾಕೆ ಅಂತ ಹೇಳುತ್ತೇನೆ, ಕೇಳಿ.

ಶೋ ನಡೆಯೋದು ಒಂದೂವರೆ ಗಂಟೆ. ಗದಗ ಹುಬ್ಬಳ್ಳಿಯಿಂದ ಸುಮಾರು 60 ಕಿಲೋಮೀಟರ್, ನಿಮ್ಮೂರು 75ರ ಆಸುಪಾಸು. ದೂರ ಏನಲ್ಲ ಅಲ್ವಾ? ಆದರೂ ರಾತ್ರಿ ಎಂಟರ ಶೋಗೆ ಮಧ್ಯಾಹ್ನದ ಊಟದ ಹೊತ್ತಿಗೇ ಅಲ್ಲಿರಬೇಕು. ಡ್ರಮ್ಸ್ ಇಳಿಸೋದು, ಕೇಬಲ್ ಎಳೆಯೋದು, ಸೌಂಡ್ ಚೆಕ್, ಆಮೇಲೆ ಕಾಯೋದು. ಎಲ್ಲಕ್ಕಿಂತ ಮೊದಲು ಕರೆಂಟು.

ಜಾತ್ರೆಯಲ್ಲಿ ವೇದಿಕೆಗೆ ಕರೆಂಟು ಎಲ್ಲಿಂದ ಬಂದಿದೆ ಅಂತ ವೈರ್ ಹಿಂದೆಯೇ ನಡೆದು ಹೋಗಿ ನೋಡಬೇಕು. ಕೆಲವು ಕಡೆ ಜನರೇಟರ್ ಇರುತ್ತೆ, ಕೆಲವು ಕಡೆ ಕಂಬದಿಂದ ಎಳೆದಿರುತ್ತಾರೆ. ಅದೇ ಲೈನಿನಲ್ಲಿ ಸೀರಿಯಲ್ ಸೆಟ್ಟು, ಅಂಗಡಿಗಳು, ಕಬ್ಬಿನ ಹಾಲಿನ ಮಷಿನ್ನು ಎಲ್ಲ ಇರುತ್ತವೆ. ಫೇಸಿಗೂ (ಕರೆಂಟು ಬರುವ ವೈರು) ನ್ಯೂಟ್ರಲ್ಲಿಗೂ (ಅದು ವಾಪಸ್ಸು ಹೋಗುವ ವೈರು) ನಡುವೆ 230 ವೋಲ್ಟ್ ಸಿಗಬೇಕು. ತ್ರೀ ಫೇಸ್ ಲೈನಿನಲ್ಲಿ ನ್ಯೂಟ್ರಲ್ ಬಿಟ್ಟುಕೊಂಡರೆ ಒಂದು ಕಡೆ ಬಲ್ಬು ಮಂಕಾಗುತ್ತೆ, ಇನ್ನೊಂದು ಕಡೆ ವೋಲ್ಟೇಜು 300 ದಾಟಬಹುದು. ಆಂಪ್ಲಿಫೈಯರು, ಮಿಕ್ಸರು ಸುಟ್ಟು ಹೋಗೋದು ಹೀಗೇ. ನ್ಯೂಟ್ರಲ್ಲಿಗೂ ಅರ್ಥಿಗೂ (ನೆಲಕ್ಕೆ ಇಳಿಸಿದ ವೈರು) ನಡುವೆ ಒಂದೆರಡು ವೋಲ್ಟಿಗಿಂತ ಜಾಸ್ತಿ ಕಂಡರೆ ನಾನು ಸ್ವಿಚ್ ಹಾಕೋದಿಲ್ಲ.

ಇನ್ನೊಂದು ಪರೀಕ್ಷೆ ಇದೆ, ಅದನ್ನಂತೂ ಎಂದೂ ಬಿಡಬೇಡಿ. ಮಲ್ಟಿಮೀಟರಿನ ಒಂದು ಕಡ್ಡಿ ಗಿಟಾರಿನ ತಂತಿಗೆ, ಇನ್ನೊಂದು ಮೈಕಿನ ಜಾಲರಿಗೆ ಇಟ್ಟು ನೋಡಿ. ಹಾಡುವವರು ಕೈಯಲ್ಲಿ ತಂತಿ ಹಿಡಿದಿರುತ್ತಾರೆ, ತುಟಿ ಮೈಕಿಗೆ ತಾಗುತ್ತೆ. ಆ ಎರಡರ ನಡುವೆ ವೋಲ್ಟೇಜು ಇದ್ದರೆ ಕರೆಂಟು ಹರಿಯೋದು ಅವರ ಮೈಯಲ್ಲೇ. 1972ರಲ್ಲಿ ಬ್ರಿಟನ್ನಿನ ಸ್ವಾನ್ಸೀ ಊರಿನಲ್ಲಿ ಸ್ಟೋನ್ ದ ಕ್ರೋಸ್ ಬ್ಯಾಂಡಿನ ಗಿಟಾರಿಸ್ಟ್ ಲೆಸ್ಲಿ ಹಾರ್ವಿ ಮೈಕ್ ಮುಟ್ಟಿ ಶಾಕ್ ಹೊಡೆದು ವೇದಿಕೆ ಮೇಲೇ ತೀರಿಕೊಂಡರು.

ರೋಣದ ಕಡೆ ಒಂದು ಹಳ್ಳಿಯಲ್ಲಿ ನಮ್ಮ ಮೀಟರು ಹೀಗೇ 110 ವೋಲ್ಟ್ ತೋರಿಸಿತು. ಊರಿನ ಎಲೆಕ್ಟ್ರಿಷಿಯನ್ ಒಳ್ಳೆಯ ಮನುಷ್ಯ. 'ಏನೂ ಆಗಂಗಿಲ್ಲ ಬಿಡ್ರೀ ಅಕ್ಕಾರ, ದಿನಾ ಇದರಾಗ ನಡಿತೈತಿ' ಅಂದರು. 'ಖರೇರೀ ಅಣ್ಣಾರ, ಆದ್ರೂ ಒಂದ್ ಸಲ ಬೋರ್ಡ್ ಬಿಚ್ಚಿ ನೋಡೂಣು' ಅಂದೆ. ಬಿಚ್ಚಿದರೆ ಅರ್ಥಿನ ಹಸಿರು ವೈರು ಸ್ಕ್ರೂ ಬಿಟ್ಟು ಹೊರಗೆ ಬಂದಿತ್ತು. ಅವರೇ ತುದಿ ಕೆರೆದು, ತಿರುವಿ, ಬಿಗಿ ಮಾಡಿದರು. ಮೀಟರು ಸೊನ್ನೆಗೆ ಇಳಿಯಿತು. ಅವತ್ತು ನಮ್ಮ ಹುಡುಗ ಮೈಕಿಗೆ ಬಾಯಿ ಹಚ್ಚಿ ಹಾಡಿದಾಗ ನನಗಾದ ಖುಷಿಯನ್ನು ಯಾವ ಚಪ್ಪಾಳೆಯೂ ಕೊಡಲಾರದು.

ಕಿವಿಯ ವಿಷಯ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು ಅನ್ನುತ್ತಾರೆ. ಪ್ರತಿ ಮೂರು ಡೆಸಿಬೆಲ್ ಏರಿದಾಗ ಆ ಹೊತ್ತು ಅರ್ಧವಾಗುತ್ತೆ. 100ಕ್ಕೆ ಉಳಿಯೋದು ಬರೀ 15 ನಿಮಿಷ. ಡ್ರಮ್ಸ್ ಪಕ್ಕ ಸದ್ದು ಇದನ್ನು ಸುಲಭವಾಗಿ ದಾಟುತ್ತೆ. ಸಂಗೀತದವರಿಗೆ ಅಂತಲೇ ಬರುವ ಇಯರ್ ಪ್ಲಗ್ ಮೊದಲ ಸಂಬಳದಲ್ಲೇ ತಗೊಳ್ಳಿ.

ರಾತ್ರಿ ಹತ್ತಕ್ಕೆ ಬಯಲಿನ ಧ್ವನಿವರ್ಧಕ ನಿಲ್ಲಬೇಕು, 2000ರ ಶಬ್ದ ಮಾಲಿನ್ಯ ನಿಯಮ ಅದು. ವರ್ಷದಲ್ಲಿ ಕೆಲವು ದಿನ ಮಾತ್ರ ಸರ್ಕಾರ ಹನ್ನೆರಡರವರೆಗೆ ಬಿಡಬಹುದು. ನಿಯಮ ಸರಿಯಾಗಿದೆ, ಊರಿನಲ್ಲಿ ಮಕ್ಕಳು, ವಯಸ್ಸಾದವರು ಇರುತ್ತಾರೆ. ನನಗೆ ಸಿಟ್ಟು ಬರೋದು ಸನ್ಮಾನಗಳ ಮೇಲೆ. ಎಂಟಕ್ಕೆ ಶುರುವಾಗಬೇಕಾದದ್ದು ಶಾಲು, ಹಾರ, ಭಾಷಣ ಮುಗಿದು ಒಂಬತ್ತೂಕಾಲಿಗೆ ಶುರುವಾಗುತ್ತೆ. ತಿಂಗಳುಗಟ್ಟಲೆ ರಿಹರ್ಸಲ್ ಮಾಡಿದ ಹಾಡುಗಳನ್ನು ನಿಂತ ನಿಲುವಿನಲ್ಲೇ ಕೈಬಿಡಬೇಕಾಗುತ್ತೆ. ಹುಡುಗರ ಮುಖ ನೋಡೋಕಾಗಲ್ಲ.

ಸಂಕ್ರಾಂತಿಯಿಂದ ಬೇಸಿಗೆವರೆಗೆ ಜಾತ್ರೆ, ಕಾಲೇಜ್ ಫೆಸ್ಟ್. ಆಮೇಲೆ ಗಣಪತಿ ಹಬ್ಬ, ರಾಜ್ಯೋತ್ಸವ. ಮಳೆಗಾಲದಲ್ಲಿ ಕೈ ಖಾಲಿ. ಆಗ ನಾನು ಕೇಬಲ್ ಬೆಸುಗೆ ಹಾಕುತ್ತಾ, ಸಭೆ ಸಮಾರಂಭಗಳ ಮೈಕ್ ಕೆಲಸ ಮಾಡುತ್ತಾ ಇರುತ್ತೇನೆ. ಮುಂಗಡ ಕೈಗೆ ಬರದೆ ಗಾಡಿ ಹತ್ತಬಾರದು. ಬಾಕಿ ಹಣ ವೇದಿಕೆ ಹತ್ತುವ ಮೊದಲೇ ಆಗಬೇಕು.

ಬ್ಯಾಡಗಿ ಕಡೆ ಶೋ ಇದ್ದರೆ, ಅದರಲ್ಲೂ ಮೆಣಸಿನಕಾಯಿ ಮಾರುಕಟ್ಟೆ ಜೋರಾಗಿರುವ ಜನವರಿ, ಫೆಬ್ರವರಿಯಲ್ಲಿ, ಗಾಡಿಯ ಕಿಟಕಿ ಮುಚ್ಚಿಸಿ. ಬ್ಯಾಡಗಿ ಕಾಯಿ ಖಾರ ಕಡಿಮೆ, ಬಣ್ಣ ಜಾಸ್ತಿ ಅಂತಾರೆ ನಿಜ, ಆದರೆ ಗಾಳಿಯಲ್ಲಿ ಘಾಟು ಹಿಡಿದರೆ ಹಾಡುವವರ ಗಂಟಲಿಗೆ ಸಂಜೆವರೆಗೆ ಕೆಮ್ಮೇ.

ಈಗ ನಿಮ್ಮ ಮನೆಯವರ ಚಿಂತೆಗೆ ಬರುತ್ತೇನೆ. ಅದು ಸುಳ್ಳಲ್ಲ. ಬಯಲಿನ ವೇದಿಕೆ ಹತ್ತಿರ ಶೌಚಾಲಯ ಇರೋದಿಲ್ಲ. ಒಪ್ಪಿಕೊಳ್ಳುವಾಗಲೇ ಕಮಿಟಿಯವರಿಗೆ ಹೇಳಿಸಿ, ವೇದಿಕೆ ಹತ್ತಿರದ ಯಾವುದಾದರೂ ಮನೆ ಗೊತ್ತು ಮಾಡಿಸಿ. ಹಳ್ಳಿಯ ಹೆಣ್ಣುಮಕ್ಕಳು ಈ ವಿಷಯದಲ್ಲಿ ದೊಡ್ಡ ಮನಸ್ಸಿನವರು. 'ಯವ್ವಾ, ಮುಂಜಾನಿಂದ ವೈರ್ ಜಗ್ಗಾಕತ್ತೀ, ಏನರ ಉಂಡಿಯೇನು?' ಅಂತ ಒಳಗೆ ಕರೆದು ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಹಾಕಿದವರನ್ನು ನಾನು ಮರೆಯೋದಿಲ್ಲ. ಮಲಗಲು ಬೇರೆ ರೂಮ್ ಬೇಕು, ಇದರಲ್ಲಿ ಹೊಂದಾಣಿಕೆ ಬೇಡ. ಇನ್ನೂ ಮುಖ್ಯವಾದದ್ದು ರಾತ್ರಿ ಪಯಣ. ಸಾಮಾನು ತುಂಬುವಷ್ಟರಲ್ಲಿ ನಡುರಾತ್ರಿ ದಾಟಿರುತ್ತೆ. ನುಡಿಸಿ ದಣಿದವರು ಸ್ಟಿಯರಿಂಗ್ ಹಿಡಿಯಬಾರದು. ಮಧ್ಯಾಹ್ನ ನಿದ್ದೆ ಮಾಡಿದ ಡ್ರೈವರ್ ಇದ್ದಾನಾ ಅಂತ ಕೇಳಿ. ಇಲ್ಲ ಅಂದರೆ ಬೆಳಗ್ಗೆ ಹೊರಡೋಣ ಅನ್ನಿ. ಇದಕ್ಕೆ ಮುಖ ಸಿಂಡರಿಸುವ ಬ್ಯಾಂಡ್ ಆದರೆ ಸೇರಬೇಡಿ.

ಅಮ್ಮನಿಗೆ ಗಂಗೂಬಾಯಿ ಹಾನಗಲ್ ಹೆಸರು ಹೇಳಿ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬಂದು ಸವಾಯಿ ಗಂಧರ್ವರ ಹತ್ತಿರ ಹಿಂದೂಸ್ತಾನಿ ಸಂಗೀತ ಕಲಿತವರು ಅವರು. ಆಮೇಲೆ ದೇಶವೆಲ್ಲ ತಿರುಗಿ ಹಾಡಿದರು. ಹೆಣ್ಣುಮಕ್ಕಳು ಸಂಗೀತಕ್ಕಾಗಿ ಗಾಡಿ ಹತ್ತೋದು ನಮ್ಮ ಈ ನೆಲಕ್ಕೆ ಹೊಸದಲ್ಲ. ಆದರೂ ಮಾತಿನಿಂದ ಅಮ್ಮನ ಮನಸ್ಸು ತಿರುಗೋದು ಕಷ್ಟ. ಮೊದಲ ಶೋಗೆ ಅವರನ್ನೂ ಕರೆದುಕೊಂಡು ಹೋಗಿ. ಹಾಡು ಶುರುವಾದ ಮೇಲೆ ಬೇಡ, ಸಾಮಾನು ಇಳಿಸುವ ಹೊತ್ತಿಗೇ ಹೋಗಿ. ನೀವು ಬೋರ್ಡ್ ಬಿಚ್ಚಿ ಮೀಟರ್ ಹಿಡಿಯೋದನ್ನು, ಅದು ಆಗೋವರೆಗೆ ಇಡೀ ಬ್ಯಾಂಡು ಕಾಯೋದನ್ನು ಅವರು ನೋಡಲಿ.