ಓದುಗರ ಪ್ರಶ್ನೆ: ಪ್ಲಾಸ್ಟರ್ ಕೈಯ ಮೇಜರ್

ಪ್ರಶ್ನೆ (ಮಂಡ್ಯದ ಪಿಯು ವಿದ್ಯಾರ್ಥಿ): ಮೊದಲ ಪರಮವೀರ ಚಕ್ರ ಯಾರಿಗೆ ಅಂತ ಕ್ವಿಝ್‌ನಲ್ಲಿ ಕೇಳಿದರು. ಮೇಜರ್ ಸೋಮನಾಥ ಶರ್ಮಾ ಅಂದೆ, ಮಾರ್ಕ್ಸ್ ಬಂತು. ಆಮೇಲೆ ಓದಿದರೆ ಅವರ ಕೈಗೆ ಪ್ಲಾಸ್ಟರ್ ಹಾಕಿತ್ತಂತೆ. ಅಂಥವರನ್ನು ಯಾಕೆ ಕಳಿಸಿದರು? ಹಿಂದೆ ಸರಿದಿದ್ದರೆ ಜೀವ ಉಳೀತಿರಲಿಲ್ವಾ?

ಉತ್ತರ: ಯಾರೂ ಕಳಿಸಲಿಲ್ಲ ಕಣಪ್ಪ, ಅವರೇ ಹಟ ಮಾಡಿ ಹೋದರು. ಹಾಕಿ ಆಡುವಾಗ ಎಡಗೈ ಮುರಿದಿತ್ತು. ಪಾಕಿಸ್ತಾನದ ಕಡೆಯಿಂದ ನುಗ್ಗಿದ್ದ ದಾಳಿಕೋರರನ್ನು ತಡೆಯೋಕೆ ತಮ್ಮ ಕಂಪನಿ, ಅಂದರೆ ಸೈನಿಕರ ತುಕಡಿ, ಕಾಶ್ಮೀರಕ್ಕೆ ಹೊರಟಾಗ ಸುಮ್ನೆ ಕೂರೋಕೆ ಅವರು ಒಪ್ಪಲಿಲ್ಲ.

ಹಿಂದೆ ಸರಿಯೋ ಮಾತಿಗೆ ಬರೋಣ. 1947ರ ನವೆಂಬರ್ 3ರಂದು ನಾಲ್ಕನೇ ಕುಮಾಊಂ ಬೆಟಾಲಿಯನ್‌ನ ಅವರ ಕಂಪನಿ ಇದ್ದದ್ದು ಬಡ್ಗಾಮ್‌ನಲ್ಲಿ. ಅಲ್ಲಿಂದ ಶ್ರೀನಗರದ ವಿಮಾನ ನಿಲ್ದಾಣ ದೂರವೇನಲ್ಲ, ಮೈಸೂರು ಪೇಟೆಯಿಂದ ಚಾಮುಂಡಿ ಬೆಟ್ಟದ ಬುಡಕ್ಕೆ ಹೋದಷ್ಟು ಅಂದ್ಕೊ. ಆಗ ನಮ್ಮ ಸೈನಿಕರು, ಮದ್ದುಗುಂಡು ಎಲ್ಲ ಡಕೋಟಾ ವಿಮಾನಗಳಲ್ಲಿ ಅಲ್ಲೇ ಬಂದಿಳಿಯುತ್ತಿದ್ದವು. ಆ ನಿಲ್ದಾಣ ಹೋದರೆ ಶ್ರೀನಗರವೂ ಹೋದ ಹಾಗೆಯೇ. ಹಿಂದೆ ಸರಿಯೋದು ಅಂದರೆ ಶತ್ರುವಿಗೆ ಅದರ ದಾರಿ ಬಿಟ್ಟುಕೊಡೋದು ಅಂತಲೇ ಅರ್ಥ.

ಮಧ್ಯಾಹ್ನದವರೆಗೆ ಶತ್ರುವಿನ ಸುಳಿವಿಲ್ಲ, ಜೊತೆಗಿದ್ದ ಕಂಪನಿಗಳು ವಾಪಸ್ ಹೊರಟಿದ್ದವು. ಆಮೇಲೆ ಹಳ್ಳಿಯ ಮನೆಗಳ ಕಡೆಯಿಂದಲೇ ಗುಂಡು ಬಂತು. ಅಲ್ಲಿ ಹೆಂಗಸರು ಮಕ್ಕಳಿದ್ದಾರು ಅಂತ ಶರ್ಮಾ ತಿರುಗಿ ಹೊಡೆಸಲಿಲ್ಲ. ಅಷ್ಟರಲ್ಲಿ ಗುಲ್ಮಾರ್ಗ್ ಕಡೆಯಿಂದ ದಾಳಿಕೋರರು ನೂರಾರು ಸಂಖ್ಯೆಯಲ್ಲಿ ಮೂರು ದಿಕ್ಕಿನಿಂದ ಮುತ್ತಿದರು. ನಮ್ಮ ಒಬ್ಬನಿಗೆ ಅವರು ಏಳು ಜನ.

ಜನ ಬೀಳುತ್ತಾ ಬಂದಂತೆ ಮೆಷಿನ್ ಗನ್‌ಗಳಿಗೆ ಮ್ಯಾಗಜೀನ್ ತುಂಬಿಕೊಡೋಕೆ ಕೈಗಳು ಸಾಲದಾದವು. ಆ ಕೆಲಸಕ್ಕೆ ಮೇಜರೇ ಕೂತರು. ಒಂದೊಂದೇ ಗುಂಡನ್ನು ಸ್ಪ್ರಿಂಗ್‌ಗೆ ಎದುರಾಗಿ ಒತ್ತಿ ಕೂರಿಸಬೇಕು, ಎರಡೂ ಕೈ ನೆಟ್ಟಗಿದ್ದವರಿಗೇ ಹೆಬ್ಬೆರಳು ನೋಯೋ ಕೆಲಸ ಅದು, ಇವರ ಒಂದು ಕೈ ಪ್ಲಾಸ್ಟರ್‌ನಲ್ಲಿತ್ತು. ಶತ್ರು 50 ಗಜದಲ್ಲಿದ್ದಾನೆ, ಒಂದಂಗುಲವೂ ಸರಿಯಲ್ಲ, ಕೊನೆಯ ಗುಂಡಿನವರೆಗೆ ಹೋರಾಡುತ್ತೇನೆ ಅಂತ ಅವರು ಕಳಿಸಿದ ಸಂದೇಶವನ್ನೇ ಎಲ್ಲರೂ ಹೇಳ್ತಾರೆ. ನನಗೆ ಮಾತ್ರ ಆ ಮ್ಯಾಗಜೀನ್ ತುಂಬಿದ್ದೇ ಜಾಸ್ತಿ ದೊಡ್ಡದಾಗಿ ಕಾಣುತ್ತೆ. ಪಕ್ಕದಲ್ಲಿದ್ದ ಮದ್ದುಗುಂಡಿನ ಮೇಲೇ ಮಾರ್ಟರ್ ಶೆಲ್ ಬಿತ್ತು. ಆಗ ಅವರಿಗೆ 24 ವರ್ಷ. ಆ ದಿನ ಅವರ ಕಂಪನಿಯ ಇನ್ನೂ 20ಕ್ಕೂ ಹೆಚ್ಚು ಜನ ತೀರಿಕೊಂಡರು. ಇವರು ತಡೆದು ನಿಲ್ಲಿಸಿದ ಆರೇಳು ಗಂಟೆಯಲ್ಲಿ ಬೇರೆ ತುಕಡಿಗಳು ಬಂದವು, ನಿಲ್ದಾಣ ಉಳೀತು.

ಅಂದಹಾಗೆ, ಇದಕ್ಕೂ ಮೊದಲು ಬರ್ಮಾದ ಅರಾಕಾನ್‌ನಲ್ಲಿ ಇವರು ಕಾದಾಡಿದ್ದು ಮುಂದೆ ಸೇನಾ ಮುಖ್ಯಸ್ಥರಾದ ನಮ್ಮ ಕೊಡಗಿನ ತಿಮ್ಮಯ್ಯನವರ ಕೈಕೆಳಗೆ. ಕ್ವಿಝ್‌ನವರು ಅದನ್ನೂ ಕೇಳಬೇಕಿತ್ತು, ಅಲ್ವಾ?

ಪ್ರಶ್ನೆ (ಮೈಸೂರಿನ ಓದುಗರೊಬ್ಬರು): ಪರಮವೀರ ಚಕ್ರವನ್ನು ರೂಪಿಸಿದ್ದು ವಿದೇಶಿ ಮಹಿಳೆಯೇ?

ಉತ್ತರ: ಹುಟ್ಟಿನಿಂದ ಹೌದು ಸ್ವಾಮಿ. ಸಾವಿತ್ರಿ ಖಾನೋಲ್ಕರ್ ಯುರೋಪಿನಲ್ಲಿ ಹುಟ್ಟಿ, ಭಾರತೀಯ ಸೇನಾಧಿಕಾರಿಯನ್ನು ಮದುವೆಯಾಗಿ ಇಲ್ಲಿಯವರೇ ಆದರು. ಪದಕದಲ್ಲಿ ಇಂದ್ರನ ವಜ್ರಾಯುಧ ಇಟ್ಟಿದ್ದು ಅವರೇ. ದಧೀಚಿ ಋಷಿಯ ಮೂಳೆಯಿಂದ ಆಗಿದ್ದು ಅಂತೀವಲ್ಲ, ಅದೇ ವಜ್ರ. ಮೊದಲ ಪದಕ ಹೋಗಿದ್ದು ಅವರ ಮಗಳ ಮೈದುನ-ಭಾವಂದಿರಲ್ಲೇ ಒಬ್ಬರಿಗೆ, ಮೇಲೆ ಹೇಳಿದ ಶರ್ಮಾ ಅವರಿಗೇ.