ಬಣ್ಣ ಬಿಡಿ, ಹಿಡಿತ ನೋಡಿ

ಗದಗ ಜಿಲ್ಲೆಯ ಕಪ್ಪತಗುಡ್ಡದ ಬುಡದ ಡೋಣಿ ಊರಿನಿಂದ ಲೇಖನ ಕಳಿಸಿದ ಗೆಳೆಯರಿಗೆ ನಮಸ್ಕಾರ.

ಬಳ್ಳಿಯಲ್ಲಿ ಅರಳುವ ಗೌರಿ ಹೂವನ್ನೂ ಮಕರಂದ ಹೀರುವ ಪುಟ್ಟ ಹಕ್ಕಿ ಸೂರಕ್ಕಿಯನ್ನೂ ಹೋಲಿಸಿದ ನಿಮ್ಮ ಬರಹವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಕೈಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಹೂ ಬೆಂಕಿಯಂತೆ, ಹಕ್ಕಿ ನೀಲಮಣಿಯಂತೆ, ಎರಡೂ ಕಪ್ಪತಗುಡ್ಡದ ಒಡವೆ ಅಂದಿದ್ದೀರಿ. ಫೋಟೊ ನೋಡಿದ ಯಾರು ಬೇಕಾದರೂ ಹೀಗೆ ಬರೆಯಬಹುದು ಅಲ್ವಾ? ನೀವು ಗುಡ್ಡದ ಬುಡದಲ್ಲೇ ಇರುವವರು. ಈ ಹೂ ಜಿಂಬಾಬ್ವೆಯ ರಾಷ್ಟ್ರೀಯ ಹೂ, ತಮಿಳುನಾಡಿನ ರಾಜ್ಯ ಹೂ ಅನ್ನುವ ಅರ್ಧ ಪುಟವನ್ನೂ ತೆಗೆಯಿರಿ.

ಬದಲಿಗೆ ಬೇಲಿ ಹತ್ತಿರ ಕೂತು ಆ ಬಳ್ಳಿಯ ಎಲೆ ನೋಡಿ. ತುದಿ ಸಣ್ಣಗಾಗುತ್ತಾ ಹೋಗಿ, ದಾರದ ಹಾಗೆ ಸುರುಳಿ ಸುತ್ತಿ, ಪಕ್ಕದ ಕಡ್ಡಿಯನ್ನು ಹಿಡಿದಿರುತ್ತದೆ. ಆ ಹಿಡಿತದಿಂದಲೇ ಬಳ್ಳಿ ಮೇಲೇರುವುದು. ಸೂರಕ್ಕಿಯ ಗೂಡಿಗೂ ಎಳೆಯೇ ಆಧಾರ. ಒಣಹುಲ್ಲು, ತೊಗಟೆ ಚೂರುಗಳನ್ನು ಜೇಡರ ಬಲೆಯಿಂದ ಬಿಗಿದು ಟೊಂಗೆಗೆ ಜೋತುಬಿಟ್ಟಿರುತ್ತದೆ. ಬಾಗಿಲ ಮೇಲೆ ಪುಟ್ಟ ಚಜ್ಜಾ ಬೇರೆ. ನನಗೆ ಬೇಕಾದ ಹೋಲಿಕೆ ಇಂಥದ್ದು.

ತಪ್ಪುಗಳೂ ಇವೆ. ಕಪ್ಪಗೆ ಮಿನುಗುವ ಹಕ್ಕಿ ಗೂಡು ನೇಯುತ್ತಿತ್ತು ಅಂತ ಬರೆದಿದ್ದೀರಿ. ಮಿನುಗುವುದು ಗಂಡು. ಗೂಡು ಕಟ್ಟುವ ಕೆಲಸ ಹೆಚ್ಚಾಗಿ ಹೆಣ್ಣಿನದು, ಅದರ ಬಣ್ಣ ಮಾಸಲು ಕಂದು, ಹೊಟ್ಟೆ ಹಳದಿ. ಹೂವಿನ ಎಸಳು ‘ಹುಟ್ಟಾ ಕೆಂಪು’ ಅಲ್ಲ. ಅರಳುವಾಗ ಹಸಿರು ಮಿಶ್ರಿತ ಹಳದಿ, ದಿನ ಕಳೆದ ಹಾಗೆ ಕೆಂಪು.

ಇಡೀ ಬರಹದಲ್ಲಿ ನನ್ನನ್ನು ನಿಲ್ಲಿಸಿದ್ದು ಒಂದೇ ಸಾಲು: “ಆಯಿ ಗಡ್ಡಿ ಮುಟ್ಟಬ್ಯಾಡ, ವಿಷ ಐತಿ ಅಂದಿದ್ದಳು.” ಅದನ್ನು ಮೂರನೇ ಪುಟದಲ್ಲಿ ಹೂತಿಟ್ಟಿದ್ದೀರಿ! ಅಲ್ಲಿಂದಲೇ ಶುರು ಮಾಡಿ. ಗೌರಿ ಹೂವಿನ ಆ ಗಡ್ಡೆ ನೇಗಿಲಿನ ಹಾಗೆ ಬಾಗಿರುವುದಕ್ಕೇ ಗಿಡಕ್ಕೆ ಲಾಂಗಲಿ ಅನ್ನುವ ಹೆಸರಿದೆ; ಲಾಂಗಲ ಅಂದರೆ ಸಂಸ್ಕೃತದಲ್ಲಿ ನೇಗಿಲು. ರೈತರ ಮನೆಯವರಾದ ನಿಮಗೆ ಇದನ್ನು ನಾನು ಬಿಡಿಸಿ ಹೇಳಬೇಕಿಲ್ಲ. ಮಳೆಗಾಲ ಕಳೆದ ಮೇಲೆ ಬಳ್ಳಿ ಒಣಗುತ್ತದೆ, ಗಡ್ಡೆ ಮಣ್ಣೊಳಗೆ ಉಳಿಯುತ್ತದೆ. ಗಂಡು ಸೂರಕ್ಕಿಯೂ ಮರಿ ಮಾಡುವ ಕಾಲ ಮುಗಿದ ಮೇಲೆ ಮಿನುಗುವ ಗರಿ ಉದುರಿಸಿ ಹೆಣ್ಣಿನ ಹಾಗೆ ಕಾಣುತ್ತದೆ. ಎದೆ ನಡುವೆ ಒಂದು ಕಪ್ಪು ಪಟ್ಟಿ ಮಾತ್ರ ಉಳಿದಿರುತ್ತದೆ.

ಎರಡು ಪುಟದೊಳಗೆ ಮತ್ತೆ ಬರೆದು ಕಳಿಸಿ. ಅವಸರ ಬೇಡ. ಗಡ್ಡೆ ಅಗೆಯಲು ಹೋಗಬೇಡಿ, ಆಯಿ ಹೇಳಿದ್ದು ಸರಿ. ಅವರು ಇನ್ನೂ ಏನೇನು ಹೇಳಿದ್ದರು, ಅದನ್ನೂ ಬರೆಯಿರಿ.